ರಗ್ನಾ ಅಮ್ಮನ ಧೂಳಿನ ಲಕೋಟೆಗಳು

ಬೆಳಗಿನ ಆರೂ ಕಾಲು. ಸ್ಟೇನ್‌ವಿಕ್ ಊರಿನ ದಾಖಲೆಮನೆಗೆ ಸರೋವರದ ಕಡೆಯ ಕಿಟಕಿಯಿಂದ ಬಿಸಿಲು ಅಡ್ಡಡ್ಡ ನುಗ್ಗುತ್ತಿದೆ. ರಗ್ನಾ ಹಳೆಯ ಕಾಗದಗಳ ಒಂದು ಕಟ್ಟಿನ ಕೊನೆಯ ಹಾಳೆಯನ್ನು ಮೇಜಿನ ಮೇಲೆ ಹರಡಿ, ಕೆನ್ನೆ ಮರಕ್ಕೆ ತಾಗುವಷ್ಟು ಬಗ್ಗಿ ನೋಡುತ್ತಾರೆ. ಓರೆ ಬಿಸಿಲಿನಲ್ಲಿ ಒಂದೊಂದು ಕಣ ಧೂಳಿಗೂ ನೆರಳು ಬಿದ್ದಿದೆ. ಮೇಕೆ ಕೂದಲಿನ ಕುಂಚದಿಂದ ಒಳಗಿನಿಂದ ಅಂಚಿನ ಕಡೆಗೆ ಮೆಲ್ಲಗೆ ಗುಡಿಸುತ್ತಾರೆ. ಗುಡಿಸಿದ್ದನ್ನು ಬುಟ್ಟಿಗೆ ಹಾಕುವುದಿಲ್ಲ. ಬೆರಳುದ್ದದ ಲಕೋಟೆಯೊಳಕ್ಕೆ ಜಾರಿಸಿ, ಬಾಯಿ ಅಂಟಿಸಿ, ಮೇಲೆ ಪೆನ್ಸಿಲ್‌ನಲ್ಲಿ ಮನೆತನದ ಹೆಸರು ಬರೆಯುತ್ತಾರೆ.

“ಬಿಸಿಲು ಮೇಲೇರಿದ್ರೆ ಧೂಳು ಬಚ್ಚಿಟ್ಕೊಳ್ಳುತ್ತೆ,” ಎನ್ನುತ್ತಾರೆ ತಲೆಯೆತ್ತದೆ. “ದೀಪಾನೂ ಹೀಗೆ ಓರೆ ಹಿಡೀಬಹುದಂತೆ. ಸೂರ್ಯ ಇರೋವಾಗ ಅದ್ಯಾಕೆ? ನೀವು ಸ್ವಲ್ಪ ಆ ಕಡೆ ಕೂತ್ಕೊಳ್ಳಿ, ಬೆಳಕಿಗೆ ಅಡ್ಡ ಬರ್ತಿದೀರ. ಕೈ ತೊಳ್ಕೊಂಡ್ರಾ?”

ತೊಳೆದುಕೊಂಡಿದ್ದೇನೆ. ಅದಿಲ್ಲದೆ ಈ ಕೋಣೆಗೆ ಯಾರಿಗೂ ಪ್ರವೇಶವಿಲ್ಲ, ಒಮ್ಮೆ ಬಂದಿದ್ದ ಮಂತ್ರಿಗೂ ಇರಲಿಲ್ಲ. ಬರುವಾಗ ಕಾಗದದ ಕ್ಷೇಮಕ್ಕೆ ತೊಳೆಯಬೇಕು, ಹೋಗುವಾಗ ಬೂಷ್ಟು ಮನೆಗೆ ಹೋಗದ ಹಾಗೆ ಇನ್ನೊಮ್ಮೆ. ಕೈಗವಸು ಹಾಕಿದರಾಗದೇ ಎಂದು ಕೇಳಿದರೆ ಬೈಗುಳ ಗ್ಯಾರಂಟಿ. “ಬಟ್ಟೆ ಸುತ್ಕೊಂಡ ಬೆರಳಿಗೆ ಹಾಳೆ ಹರಿಯೋದು ಗೊತ್ತಾಗುತ್ತೇನ್ರೀ?”

ಈ ಊರಿನವರ ಮುತ್ತಜ್ಜಂದಿರು ಐಸ್‌ಲ್ಯಾಂಡಿನಿಂದ ಬಂದು ಕೆನಡಾದ ಈ ಕಾಡು ಕಡಿದವರು. ಇವರ ಮಾತಿನಲ್ಲಿ ಅಜ್ಜಿಗೆ ಅಮ್ಮ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದ ಹಿಂದೆ ಇಲ್ಲಿ ಬಂದು ನೆಲೆಸಿದ ನನಗೆ ಸಲೀಸಾಗಿ ಬಂದ ಪದ ಅದೊಂದೇ. ಅರವತ್ತನಾಲ್ಕರ ರಗ್ನಾ ಶಾಲೆಯ ಮಕ್ಕಳಿಗೆಲ್ಲ ರಗ್ನಾ ಅಮ್ಮ. ದೊಡ್ಡವರಿಗೆ ಮಾತ್ರ ಅವರು ಒಳಕೋಣೆಯಲ್ಲಿ ಏನು ಮಾಡುತ್ತಾರೆಂದು ಸರಿಯಾಗಿ ಗೊತ್ತಿಲ್ಲ. “ಕಸ ಹೊಡೆಯುವವಳು” ಎಂದೇ ಕೆಲವರು ತಿಳಿದಿದ್ದಾರೆ. ಅದನ್ನು ಕೇಳಿ ರಗ್ನಾ ನಗುತ್ತಾರೆ. “ಸುಳ್ಳೇನಲ್ಲವಲ್ಲ!”

ಮೊದಲು ಅವರು ಮೀನಿನ ಶೆಡ್ಡಿನಲ್ಲಿ ಮುಳ್ಳು ತೆಗೆಯುತ್ತಿದ್ದರು. ಇಂಥ ಬೆರಳು ಕಾಗದ ಹರಿಯಲಾರದು ಎಂದು ಯಾರಿಗೋ ಹೊಳೆದು, ಇಪ್ಪತ್ತೆಂಟನೇ ವಯಸ್ಸಿಗೆ ಇಲ್ಲಿಗೆ ತಂದು ಕೂರಿಸಿದರು. ಅಂದಿನಿಂದ ಮೂವತ್ತಾರು ವರ್ಷ, ದಿನಕ್ಕೆ ನಲವತ್ತು ಹಾಳೆ. ಜಮೀನಿನ ಪತ್ರ, ಹಡಗಿನ ಚೀಟಿ, ಮದುವೆಯ ಕರೆಯೋಲೆ, ಸತ್ತ ಮಕ್ಕಳ ಹೆಸರಿನ ಪಟ್ಟಿ ಎಲ್ಲವೂ ಅವರ ಕುಂಚದಡಿ ಹಾದುಹೋಗಿವೆ. ಬಗ್ಗಿ ಬಗ್ಗಿ ಕುತ್ತಿಗೆ ಸೋತಿದೆ. ಹೋದ ಚಳಿಗಾಲದಿಂದ ಬಲಗೈ ಸಣ್ಣಗೆ ನಡುಗುತ್ತಿದೆ. ಈ ತಿಂಗಳ ಕೊನೆಗೆ ನಿವೃತ್ತಿ.

ಅವರ ಚಿಂತೆ ನಿವೃತ್ತಿಯದಲ್ಲ, ಕಪಾಟಿನ ಕೆಳಗಿರುವ ಚಪ್ಪಲಿ ಡಬ್ಬಗಳದು. ಅವುಗಳಲ್ಲಿ ಕಾಗದದ ಕಟ್ಟಿಗೊಂದರಂತೆ ಆರುನೂರ ಹನ್ನೊಂದು ಲಕೋಟೆಗಳಿವೆ. ಯಾವ ಪಟ್ಟಿಯಲ್ಲೂ ಅವುಗಳ ಹೆಸರಿಲ್ಲ. “ನಾನು ಬಾಗಿಲು ದಾಟಿದ ದಿನಾನೇ ಅವೂ ದಾಟ್ತವೆ, ಹಿಂದಿನ ಬಾಗಿಲಿಂದ.” ದಾಖಲೆಮನೆಯ ಮೇಲಧಿಕಾರಿ ಕೆಟ್ಟವರೇನಲ್ಲ. ಮಣ್ಣು ಕಾಗದವನ್ನು ಕೊರೆಯುತ್ತದೆ, ಬೂಷ್ಟು ತರುತ್ತದೆ ಎನ್ನುತ್ತಾರೆ. ಅದು ನಿಜವೆಂದು ರಗ್ನಾಗೂ ಗೊತ್ತು.

ಹಾಗಾದರೆ ಧೂಳನ್ನು ಕೂಡಿಡುವುದೇಕೆ? ಕೇಳಿದಾಗ ಅವರು ಕುಂಚ ಕೆಳಗಿಟ್ಟು ಕಾಫಿ ಬಗ್ಗಿಸುತ್ತಾರೆ. ಸಕ್ಕರೆಯ ಅಚ್ಚನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಅದರ ಮೂಲಕವೇ ಕಾಫಿ ಹೀರುತ್ತಾರೆ, ಅವರ ಅಮ್ಮ, ಎಂದರೆ ಅಜ್ಜಿ, ಕಲಿಸಿದಂತೆ.

ಕೆಲಸಕ್ಕೆ ಸೇರಿದ ಮರುವರ್ಷದ ಮಾತು. ಊರಿಗೆ ಮೊದಲು ಬಂದ ಮನೆತನಗಳಲ್ಲಿ ಒಂದಾದ ಐಫರ್ಡ್ ಮನೆಯ ಕಾಗದಗಳು ಬಂದವು. ಜೊತೆಗೆ ಮೊದಲ ಮಹಾಯುದ್ಧಕ್ಕೆ ಹೋಗಿದ್ದ ಹಿರಿಮಗ ಥೋರ್‌ಸ್ಟೇನ್‌ನ ದಿನಚರಿ. ಅವನು ಬೆಲ್ಜಿಯಂನ ಕೆಸರಿನಲ್ಲಿ ಕಾಣೆಯಾದ, ದೇಹ ಸಿಗಲಿಲ್ಲ. ಪುಸ್ತಕದ ಹೊಲಿಗೆಯ ಸಂದಿಯಲ್ಲಿ ಒಣಗಿದ ಮಣ್ಣಿತ್ತು. ಹೊಸ ಹುರುಪಿನ ರಗ್ನಾ ಒಂದು ಕಣವೂ ಉಳಿಯದಂತೆ ಗುಡಿಸಿ ಬುಟ್ಟಿಗೆ ಹಾಕಿದರು. ಶಭಾಷ್‌ಗಿರಿಯೂ ಸಿಕ್ಕಿತು.

ತಿಂಗಳ ಬಳಿಕ ಥೋರ್‌ಸ್ಟೇನ್‌ನ ತಂಗಿ ಒಲಾವಿಯಾ ಪುಸ್ತಕ ನೋಡಲು ಬಂದರು. ಎಂಬತ್ತೊಂದು ವರ್ಷ. ಅಕ್ಷರ ಓದಲಿಲ್ಲ, ಸಂದಿಯೊಳಗೆ ಬೆರಳಾಡಿಸಿದರು.

“‘ಇಲ್ಲಿದ್ದ ಮಣ್ಣೆಲ್ಲಮ್ಮಾ?’ ಅಂದ್ರು. ನಾನು ಹೆಮ್ಮೆಯಿಂದ ‘ಕ್ಲೀನ್ ಮಾಡಿದೀನಿ’ ಅಂದೆ. ಅವರು ಬೈಲಿಲ್ಲ. ‘ಅಣ್ಣನ ಹುಟ್ಟಿದ ದಿನ ಅವ್ವ ಅಲ್ಲಿ ಬೆರಳಿಡ್ತಿದ್ಲು. ನಮಗೆ ಗೋರಿ ಇರ್ಲಿಲ್ಲ ನೋಡು’ ಅಂದು ಪುಸ್ತಕ ಮುಚ್ಚಿದ್ರು. ಬೈದಿದ್ರೆ ಮರ್ತುಬಿಡ್ತಿದ್ದೆ.” ಹೇಳುತ್ತ ರಗ್ನಾ ಕಣ್ಣೊರೆಸಿಕೊಳ್ಳುತ್ತಾರೆ. ಅಂದಿನಿಂದ ಅವರು ಒಂದು ಕಣವನ್ನೂ ಎಸೆದಿಲ್ಲ.

ಈ ಏಪ್ರಿಲ್‌ನಲ್ಲಿ ಆ ಗಾಯಕ್ಕೆ ಮತ್ತೆ ಉಪ್ಪು ಬಿತ್ತು. ಥೋರ್‌ಸ್ಟೇನ್‌ನ ಎರಡನೆಯ ದಿನಚರಿಯನ್ನು ಅವನ ಸಂಗಾತಿ ಸೈನಿಕನೊಬ್ಬ ತಂದಿಟ್ಟುಕೊಂಡಿದ್ದನಂತೆ, ತಾನು ಮಾತ್ರ ಬದುಕಿ ಬಂದೆನೆಂದು ಈ ಮನೆಯವರಿಗೆ ಮುಖ ತೋರಿಸುವ ಧೈರ್ಯವಾಗದೆ. ಅವನ ಮೊಮ್ಮಕ್ಕಳು ಅದನ್ನು ಐಫರ್ಡ್ ಮನೆಗೆ ಅಂಚೆಯಲ್ಲಿ ಕಳಿಸಿದರು, ಮನೆಯವರು ಇಲ್ಲಿಗೆ ತಂದರು. ಇದರ ಸಂದಿಯಲ್ಲೂ ಮಣ್ಣಿದೆ. ಮೊದಲ ಪುಟವನ್ನು ರಗ್ನಾ ನನಗೆ ಓದಿ ಹೇಳುತ್ತಾರೆ:

“ಮಳೆ. ಹಳೆಯ ಪುಸ್ತಕವನ್ನು ರಜೆಗೆ ಹೊರಟವನ ಕೈಯಲ್ಲಿ ಮನೆಗೆ ಕಳಿಸಿದೆ. ಸಂದಿಯಲ್ಲಿ ಇಲ್ಲಿಯ ಮಣ್ಣು ತುಂಬಿದ್ದೇನೆ, ಆ ವಿಷಯ ಬರೆಯುವುದನ್ನೇ ಮರೆತೆ. ಅಪ್ಪ ಬೆರಳಲ್ಲಿ ಉಜ್ಜಿ ನೋಡಲಿ. ಇಡೀ ಹೊಲ ಅಗೆದರೂ ಒಂದು ಕಲ್ಲು ಸಿಗುವುದಿಲ್ಲ. ಓಟ್ಸ್ ಬಂದೀತೇ ಎಂದು ಅಪ್ಪನನ್ನು ಕೇಳಬೇಕು.”

ಇಲ್ಲಿಯ ಹೊಲಗಳ ಅಂಚಿನಲ್ಲಿ ಮೂರು ತಲೆಮಾರು ಹೆಕ್ಕಿ ಹಾಕಿದ ಕಲ್ಲಿನ ರಾಶಿಗಳನ್ನು ನೋಡಿದವರಿಗೆ ಆ ಹುಡುಗನ ಬೆರಗು ಅರ್ಥವಾಗುತ್ತದೆ. “ನಾನು ಬುಟ್ಟಿಗೆ ಹಾಕಿದ್ದು ಕೊಳೆ ಅಲ್ಲ,” ಎನ್ನುತ್ತಾರೆ ರಗ್ನಾ. “ಅಪ್ಪನಿಗೆ ಮಗ ಕೇಳಿದ ಪ್ರಶ್ನೆ.”

ಹತ್ತು ಗಂಟೆಗೆ ಲೇಫ್ ಐಫರ್ಡ್ ಬರುತ್ತಾನೆ. ಥೋರ್‌ಸ್ಟೇನ್‌ನ ತಮ್ಮನ ಮೊಮ್ಮಗ, ರಗ್ನಾರ ಸಹಪಾಠಿ, ಇವತ್ತಿಗೂ ಅದೇ ಹೊಲ ಉಳುವವನು. ಕರೆಸಿದವರು ರಗ್ನಾ. ಮೇಲಧಿಕಾರಿಯೂ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

“ಏನೇ ರಗ್ನಾ, ಓಟ್ಸ್ ಬಿತ್ತೋ ಹೊತ್ತಲ್ಲಿ ಕರೆಸಿದೀಯಲ್ಲ?”

“ಬಾಯಿ ಮುಚ್ಚು. ಕೈ ತೊಳ್ಕೊಂಡ್ಯಾ?”

“ಎರಡು ಸಲ.”

ರಗ್ನಾ ಆ ಪುಟವನ್ನು ಮತ್ತೆ ಓದುತ್ತಾರೆ. ಲೇಫ್‌ನ ಮುಖದ ತಮಾಷೆ ಇಳಿಯುತ್ತದೆ. ಅವರು ಕುಂಚದಿಂದ ಸಂದಿಯ ಒಂದು ಚಿಟಿಕೆ ಮಣ್ಣನ್ನು ಅವನ ಅಂಗೈಗೆ ಜಾರಿಸುತ್ತಾರೆ. ಕೈ ನಡುಗಿದರೂ ಒಂದು ಕಣ ಚೆಲ್ಲುವುದಿಲ್ಲ. ಲೇಫ್ ಬೆರಳ ತುದಿಗೆ ಎಂಜಲು ಹಚ್ಚುತ್ತಾನೆ. ರಗ್ನಾ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅವನು ಮಣ್ಣನ್ನು ಉಜ್ಜುತ್ತಾನೆ, ಮೂಸುತ್ತಾನೆ, ಕಿಟಕಿಯ ಬೆಳಕಿಗೆ ಹಿಡಿಯುತ್ತಾನೆ. ಆತುರವೇ ಇಲ್ಲ.

“ಜೇಡಿ,” ಎನ್ನುತ್ತಾನೆ ಕೊನೆಗೆ. “ನೀರು ನಿಲ್ಲುತ್ತೆ, ಕಾಲುವೆ ತೆಗೀಬೇಕು. ತೆಗೆದ್ರೆ ಓಟ್ಸ್ ಬರುತ್ತೆ ಕಣಪ್ಪಾ. ಚೆನ್ನಾಗಿ ಬರುತ್ತೆ.”

ಯಾರಿಗೆ ಹೇಳಿದನೆಂದು ಯಾರೂ ಕೇಳುವುದಿಲ್ಲ. ಅವನು ಬಾಗಿಲ ಕಡೆ ತಿರುಗುತ್ತಾನೆ. “ಸಾರ್, ನಮ್ಮನೆ ಕಾಗದ ನಿಮಗೆ ಬೇಕು ಅಂದ್ರೆ ಮಣ್ಣೂ ಪಟ್ಟಿಗೆ ಸೇರ್ಲಿ. ಇಲ್ಲಾಂದ್ರೆ ಎರಡನ್ನೂ ವಾಪಸ್ ಒಯ್ತೀನಿ.” ಮೇಲಧಿಕಾರಿ ಒಳಗೆ ಬಂದು ರಗ್ನಾರ ಪೆನ್ಸಿಲನ್ನೇ ಎತ್ತಿಕೊಂಡು ಐಫರ್ಡ್ ಪಟ್ಟಿಯ ಕೊನೆಗೆ ಬರೆಯುತ್ತಾರೆ: ಮಣ್ಣು, ಒಂದು ಲಕೋಟೆ. ಆಮೇಲೆ ಬಗ್ಗಿ ಚಪ್ಪಲಿ ಡಬ್ಬಗಳನ್ನು ನೋಡಿ, “ಇವಕ್ಕೂ ಒಂದೊಂದು ನಂಬರ್ ಹಾಕೋಣ, ನೀವು ಹೋಗೋದ್ರೊಳಗೆ,” ಎನ್ನುತ್ತಾರೆ.

ಲೇಫ್ ಅಂಗೈಯ ಮಣ್ಣನ್ನು ಲಕೋಟೆಗೆ ತಿರುಗಿಸುತ್ತಾನೆ. ಬೆರಳಿಗೆ ಮೆತ್ತಿದ್ದು ಹಾಗೇ ಉಳಿದಿದೆ. ಟೋಪಿ ಎತ್ತಿಕೊಂಡು, ನಲ್ಲಿಯ ಕಡೆ ನೋಡದೆ ಅವನು ಹೊರಡುತ್ತಾನೆ. ನಾನು ರಗ್ನಾರ ಮುಖ ನೋಡುತ್ತೇನೆ. ಮಂತ್ರಿಯನ್ನೂ ಬಿಡದ ಹೆಂಗಸು ಇವನನ್ನು ತಡೆಯುವುದಿಲ್ಲ.

“ಹೋಗ್ಲಿ ಬಿಡಿ,” ಎನ್ನುತ್ತಾರೆ ಲಕೋಟೆಯ ಬಾಯಿ ಅಂಟಿಸುತ್ತ. “ಆ ಕೈ ಸೀದಾ ಹೊಲಕ್ಕೆ ಹೋಗುತ್ತೆ.”