ಅಕ್ಕನ ಗುರ್ಜಿ, ಅಪ್ಪನ ಸೊನ್ನೆ

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಬಿದ್ದ ಮಳೆಯನ್ನು ಅಳೆಯುವವರು ನಮ್ಮ ಅಪ್ಪ. ನಗಬೇಡಿ ಮಕ್ಕಳೇ, ಹಾಲು ಅಳೆದ ಹಾಗೆಯೇ ಅಳೆಯುತ್ತಿದ್ದರು! ನವಲಗುಂದದ ಹತ್ತಿರ ನಮ್ಮೂರು, ಅಪ್ಪ ಅಲ್ಲಿನ ಶಾಲೆಯ ಮಾಸ್ತರು. ಶಾಲೆಯ ಅಂಗಳದಲ್ಲಿ ತಂತಿ ಬೇಲಿಯೊಳಗೆ ಒಂದು ಮಳೆಮಾಪಕ ಇತ್ತು. ಮೊಣಕಾಲೆತ್ತರದ ಡಬ್ಬಿ, ಅದರ ಬಾಯಿಗೆ ಹಿತ್ತಾಳೆಯ ಬಳೆ. ಬೆಳಿಗ್ಗೆ ಅಪ್ಪ ಅದರೊಳಗಿನ ನೀರನ್ನು ಗೀಟು ಹಾಕಿದ ಗಾಜಿನ ಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಟಪಾಲು ಕಚೇರಿಯಿಂದ ಹವಾಮಾನ ಇಲಾಖೆಗೆ ತಾರು ಕಳಿಸುತ್ತಿದ್ದರು. ಊರೂರಿನಿಂದ ಹೀಗೆ ಬಂದ ಲೆಕ್ಕ ಕೂಡಿಸಿಯೇ ರೇಡಿಯೊದಲ್ಲಿ ಮಳೆಯ ಸುದ್ದಿ ಹೇಳುತ್ತಿದ್ದರು. ನಮ್ಮ ಪಾಲಿಗೆ ಅಪ್ಪ ಎಂದರೆ ದಿಲ್ಲಿಯವರ ಜೊತೆ ದಿನಾ ಮಾತಾಡುವ ಮನುಷ್ಯ. ಆ ಜಂಬ ನನಗೆ ತುಸು ಹೆಚ್ಚೇ ಇತ್ತು.

ಒಂದು ವರ್ಷ ಮುಂಗಾರು ಕೈಕೊಟ್ಟಿತು. ಎರೆ ಹೊಲ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು. ಬಿತ್ತಬೇಕಾದ ಹೆಸರುಕಾಳು ಮನೆಮನೆಯಲ್ಲೂ ಚೀಲದೊಳಗೇ ಕೂತಿತ್ತು. ಮಳೆ ಕರೆಯಲು ಓಣಿಯ ಮಕ್ಕಳೆಲ್ಲ ಗುರ್ಜಿ ಹೊತ್ತು ಹೊರಟೆವು. ರೊಟ್ಟಿಯ ಹಂಚನ್ನು ಬೋರಲು ಹಾಕಿ, ಮೇಲೆ ಗುರ್ಜಿ ಎಂಬ ಸಗಣಿಯ ಗೊಂಬೆ ಕೂರಿಸಿ, ಗರಿಕೆ ಸಿಗಿಸಿ, ಅರಿಷಿಣ ಹಚ್ಚಿ ಅಕ್ಕನ ತಲೆಗೆ ಹೊರಿಸಿದ್ದರು. ಮನೆಮನೆಯ ಮುಂದೆ ಅಕ್ಕ ಗಿರಗಿರ ತಿರುಗಿದಳು. ಹೆಂಗಸರು ಮೇಲಿನಿಂದ ನೀರು ಸುರಿದು, ಜೋಳದ ಹಿಟ್ಟು ಕೊಟ್ಟು ಕಳಿಸಿದರು. ಸಗಣಿ, ಅರಿಷಿಣ, ಕಾದ ಮಣ್ಣಿಗೆ ನೀರು ಬಿದ್ದ ವಾಸನೆ, ಎಲ್ಲ ಈಗಲೂ ನನ್ನ ಮೂಗಿನಲ್ಲಿದೆ.

ಮರುದಿನ ಬೆಳಿಗ್ಗೆ ಅಕ್ಕ ಮತ್ತು ನಾನು ಅಪ್ಪನ ಜೊತೆಗೇ ಹೋಗಿದ್ದೆವು. ಅಪ್ಪ ಮಳೆಮಾಪಕ ತೆಗೆದರೆ ಒಳಗೆ ನೀರು! ಅಂಗಳದಲ್ಲಿ ನೋಡಿದರೆ ಧೂಳು ಹಾರುತ್ತಿದೆ. ಎತ್ತು ಹೊಡೆದುಕೊಂಡು ಹೊರಟಿದ್ದ ಬಾಜೂಮನೆಯ ಕಾಕಾ ಬೇಲಿಯಾಚೆಯಿಂದ ಇಣುಕಿದ.

"ಮಾಸ್ತರ್ರ, ಮಳಿ ಆಗೇತಿ ಅಂತ ತಾರ ಹೊಡದ ಬಿಡ್ರಿ! ರೇಡಿಯೋದಾಗ ನಮ್ಮೂರ ಹೆಸರರ ಬರಲಿ."

ಅಪ್ಪ ಗಾಜಿನ ಪಾತ್ರೆಯನ್ನು ಬೆಳಕಿಗೆ ಹಿಡಿದರು. ನೀರು ಹಳದಿಯಾಗಿತ್ತು. ಅದರಲ್ಲಿ ಗರಿಕೆಯ ಒಂದು ಎಸಳು ತೇಲುತ್ತಿತ್ತು. ಯಾರೂ ಏನೂ ಕೇಳುವ ಮೊದಲೇ ಅಕ್ಕ ಅಳಲು ಶುರು ಮಾಡಿದಳು.

"ಅಪ್ಪಾ, ಕಡೀಕ ಗುರ್ಜಿ ಮ್ಯಾಲಿಂದ ಇಳದ ನೀರ ಒಂದ ತಂಬಗಿ ಉಳದಿತ್ರಿ. ಈ ಡಬ್ಬಿ ಸುದ್ದಿ ದಿಲ್ಲಿತನಕಾ ಹೋಗ್ತೇತಿ ಅಂತಿದ್ರಲ್ಲ, ಇದಕ್ಕೂ ಹಾಕಿದ್ರ ಮಳಿ ಲಗೂನ ಬರ್ತೇತಿ ಅಂತ ಹಾಕೀನ್ರಿ."

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ಇನ್ನೇನು ಬೈಯುತ್ತಾರೆ ಎಂದು ನಾನು ಅಕ್ಕನ ಪಕ್ಕಕ್ಕೆ ಸರಿದೆ. ಅಪ್ಪ ಬೈಯಲಿಲ್ಲ. ಅಕ್ಕನ ತಲೆ ಸವರಿ ಹೇಳಿದರು:

"ಹುಚ್ಚಿ, ನಾವ ಕಳಸಿದ್ದನ್ನ ನಂಬಿ ಅವರು ಮುಂದಿನ ಮಳಿ ಲೆಕ್ಕಾ ಹಾಕ್ತಾರ. ನಾವ ತಪ್ಪ ಹೇಳಿದ್ರ ಅವರೂ ತಪ್ಪ ಹೇಳ್ತಾರ. ಅದನ್ನ ಕೇಳಿ ಯಾರರ ಬೀಜಾ ಬಿತ್ತಿದ್ರ, ಒಣಾ ಮಣ್ಣಾಗ ಹುರದ ಹೋಗೂದಿಲ್ಲೇನ?"

ಕಾಕಾನ ನಗು ನಿಂತಿತು. ಅಪ್ಪ ಆ ನೀರು ಚೆಲ್ಲಿ, ಧೋತರದ ಚುಂಗಿನಿಂದ ಡಬ್ಬಿ ಒರೆಸಿಟ್ಟು, ನಮ್ಮಿಬ್ಬರನ್ನೂ ಟಪಾಲು ಕಚೇರಿಗೆ ಕರೆದೊಯ್ದರು. ತಾರಿನ ಹಾಳೆ ಮುಂದಿಟ್ಟು, ಪೆನ್ನನ್ನು ಅಕ್ಕನ ಕೈಗೇ ಕೊಟ್ಟು, "ಬರಿ, ಸೊನ್ನಿ" ಎಂದರು. ಮಳೆಗಾಗಿ ಇಡೀ ಊರು ತಿರುಗಿದ ಹುಡುಗಿ ಮೂಗು ಸೊರಸೊರ ಎಳೆಯುತ್ತಲೇ ಬರೆದಳು. ಅಷ್ಟು ದುಂಡಗಿನ ಸೊನ್ನೆಯನ್ನು ಅವಳು ಶಾಲೆಯಲ್ಲೂ ಬರೆದಿರಲಿಲ್ಲ.

ಮುಂದೆ ಕೆಲವು ದಿನಗಳಿಗೆ ಪಡುವಣದಲ್ಲಿ ಗುಡುಗಿತು. ಮಾಳಿಗೆಯ ನೀರು ಹೊರಬೀಳುವ ದೋಣಿಗಳಿಂದ ಮಳೆ ಧೋ ಎಂದು ಸುರಿಯಿತು. ಬೆಳಿಗ್ಗೆ ಅಪ್ಪ ಗಾಜಿನ ಪಾತ್ರೆಯನ್ನು ಅಕ್ಕನಿಗೇ ಕೊಟ್ಟರು. ಅವಳು ಉಸಿರು ಬಿಗಿಹಿಡಿದು ಅಳೆದಳು. ಸಂಜೆ ನಮ್ಮ ಪಡಸಾಲೆಯ ರೇಡಿಯೊ ಮುಂದೆ ಓಣಿಯೇ ಸೇರಿತ್ತು. ಮಳೆಯಾದ ಊರುಗಳನ್ನು ಓದುತ್ತಾ ಓದುತ್ತಾ ನಮ್ಮೂರಿನ ಹೆಸರೂ ಬಂತು. ಕಾಕಾ ರುಮಾಲು ತೆಗೆದು ಗಾಳಿಯಲ್ಲಿ ಬೀಸಿದ.

"ನಮ್ಮ ಹುಡಿಗಿ ಅಳತಿ ಮಾಡಿದ ಮಳಿ ಇದು!"

ಹೆಮ್ಮೆಯಿಂದಲೇ ಹೊಟ್ಟೆ ತುಂಬಿ ನನಗೆ ಅಂದು ಊಟ ಸೇರಲಿಲ್ಲ.

ಈಗ ನಿಮ್ಮ ಮೊಬೈಲಿನಲ್ಲಿ ಮೋಡ ಎಲ್ಲಿದೆ ಎಂಬುದೇ ಕಾಣುತ್ತದೆ. ಆ ಶಾಲೆಯ ಅಂಗಳದಲ್ಲಿ ಬಿಸಿಲಿನಿಂದ ನಡೆಯುವ ಯಂತ್ರ ನಿಂತಿದೆ, ತಾನೇ ಅಳೆದು ತಾನೇ ಕಳಿಸುತ್ತದೆ. ಮೊನ್ನೆ ಮೊಬೈಲು ಮಳೆ ಇಲ್ಲ ಎಂದಿತು, ನೀವು ಛತ್ರಿ ಬಿಟ್ಟು ಆಡಲು ಓಡಿದಿರಿ. ಒಂದು ಹನಿಯೂ ಬೀಳಲಿಲ್ಲ, ಅದರ ಮಾತು ನಿಜವಾಯಿತು. ನೀವು ಅದನ್ನು ಆಗಲೇ ಮರೆತಿರಿ. ನಾನು ಮಾತ್ರ ಕಟ್ಟೆಯ ಮೇಲೆ ಕೂತು, ಅಳುತ್ತಲೇ ನಿಜವಾದ ಸೊನ್ನೆ ಬರೆದ ನಮ್ಮ ಅಕ್ಕನನ್ನು ನೆನೆಸಿಕೊಂಡೆ.