ಒಳಗೇ ಕಾಯುವ ಆಯಸ್ಕಾಂತ

ನಾನು ಹುಟ್ಟಾ ಪುಕ್ಕಲಿ. ಗ್ಯಾಸ್ ಆರಿಸಿದ್ದೇನೆಯೇ ಎಂದು ಬಾಗಿಲವರೆಗೆ ಹೋಗಿ ತಿರುಗಿ ಬಂದು ನೋಡುವವಳು. ಅಂಥವಳಿಗೆ ಸಿಕ್ಕ ಕೆಲಸವೋ, ನರಸಾಪುರದ ಮೋಟಾರು ಕಾರ್ಖಾನೆಯಲ್ಲಿ ಭವಿಷ್ಯ ಹೇಳುವುದು. ಮೋಟಾರಿನ ತಿರುಗುವ ಭಾಗಕ್ಕೆ ಆಯಸ್ಕಾಂತದ ಬಿಲ್ಲೆಗಳನ್ನು ಅಂಟಿಸಿರುತ್ತಾರೆ. ಓಡುವಾಗ ಬಿಲ್ಲೆಗಳ ಒಳಗೇ ಎಡ್ಡಿ ಕರೆಂಟ್ ಎಂಬ ಸುಳಿ ವಿದ್ಯುತ್ತು ಸುತ್ತಿ ಅವು ಕಾಯುತ್ತವೆ. ಕಾವು ಮೀರಿದರೆ ಅಂಟು ಸಡಿಲಗೊಂಡು, ಆ ವೇಗದಲ್ಲಿ ಬಿಲ್ಲೆ ಕಿತ್ತುಬಂದು ಮೋಟಾರೇ ಸಿಡಿಯಬಹುದು. ತಿರುಗುತ್ತಿರುವುದನ್ನು ಮುಟ್ಟಿ ನೋಡಲಾಗದು. ಎಷ್ಟು ಕಾಯುತ್ತದೆಂದು ಮೊದಲೇ ಲೆಕ್ಕ ಹಾಕಿ ಹೇಳಬೇಕು. ಅದನ್ನು ಹೇಳುವವಳು ನಾನು.

ಮೋಟಾರು ಓಡಿಸಿ ಪರೀಕ್ಷೆ ಮಾಡುತ್ತಿದ್ದವರು ಮುಳಬಾಗಿಲಿನ ಒಬ್ಬ ಹಿರಿಯರು. ಎಲ್ಲರಿಗೂ ಅವರು ಭಾಯ್. ಗಾಜಿನ ಹೊರಗೆ ನಿಲ್ಲಬೇಕಾದವರು ಪರೀಕ್ಷೆಯ ಕೋಣೆಯೊಳಗೇ ನಿಂತು, ಕಿವಿ ಹತ್ತಿರ ಮಾಡಿ ಬೇರಿಂಗಿನ ಸದ್ದು ಕೇಳುವರು. ನಾನು ಬೈದರೆ, "ನೀವ್ ಲೆಕ್ಕ ಹಾಕಿದ್ದೀರಲ್ಲ ಮೇಡಂ, ಇನ್ನೇನ್ ಆಗ್ತದೆ?" ಎಂದು ನಗುವರು. ಆ ನಂಬಿಕೆ ಕಂಡರೇ ನಾನು ಹೋಗಿ ಲೆಕ್ಕವನ್ನು ಮತ್ತೊಮ್ಮೆ ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಕೋಲಾರದಿಂದ ಕಂಪನಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಮೋಟಾರಿಗೆ ಕರೆಂಟ್ ಕೊಡುವ ಡ್ರೈವ್ ನಿನ್ನೆ ಸಂಜೆ ಕೆಟ್ಟು, ಮೂಲೆಯಲ್ಲಿದ್ದ ಹಳೆಯದನ್ನು ಹಾಕಿದರೆಂದು ಪಕ್ಕದವಳು ಹೇಳಿದಳು. ಮೈ ತಣ್ಣಗಾಯಿತು. ನನ್ನ ಲೆಕ್ಕವೆಲ್ಲ ಮೊದಲಿನ ಡ್ರೈವಿನ ನಯವಾದ ಕರೆಂಟಿಗೆ. ಈಗ ಹಾಕಿದ್ದರ ಕರೆಂಟು ಒರಟು. ಅದರ ಏರಿಳಿತಕ್ಕೆ ಬಿಲ್ಲೆಗಳು ಎಷ್ಟೋ ಹೆಚ್ಚು ಕಾಯುತ್ತವೆ. ಭಾಯ್ ಮೊದಲ ಶಿಫ್ಟಿನವರು, ಆಗಲೇ ಒಳಗಿದ್ದಾರು. ಫೋನ್ ಮಾಡೋಣವೆಂದರೆ ಕೆಲಸಗಾರರ ಫೋನುಗಳನ್ನು ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆ. ಮ್ಯಾನೇಜರು ಎತ್ತಲಿಲ್ಲ. ಹೆದ್ದಾರಿಯಲ್ಲಿ ಲಾರಿಗಳ ಸಾಲು, ಬಸ್ಸು ತೆವಳುತ್ತಿತ್ತು. ಮೋಟಾರಿನತ್ತ ಬಗ್ಗಿದ ಭಾಯ್ ಅವರ ಬಿಳಿ ತಲೆಯೇ ಕಣ್ಣಿಗೆ ಕಟ್ಟಿತ್ತು. ನಾನು ಸೀಟಿನ ಕಂಬಿ ಹಿಡಿದುಕೊಂಡು ಅತ್ತೇಬಿಟ್ಟೆ.

ಇಳಿದವಳೇ ಓಡಿದೆ. ಗಾಜಿನಾಚೆ ಮೋಟಾರು ಪೂರ್ತಿ ವೇಗದಲ್ಲಿತ್ತು, ಭಾಯ್ ಅದರ ಪಕ್ಕದಲ್ಲೇ ಇದ್ದರು. ಕೆಂಪು ಗುಂಡಿಯನ್ನು ಗುದ್ದಿದೆ. ಸದ್ದು ಇಳಿಯಿತು.

"ಏನ್ ಮೇಡಂ, ಅರ್ಧಕ್ಕೇ ನಿಲ್ಲಿಸ್‌ಬಿಟ್ರಿ?"

ಡ್ರೈವ್ ಬದಲಾದ ವಿಷಯ ಹೇಳಿದೆ. ಆರಿದ ಮೇಲೆ ಮೋಟಾರನ್ನು ಬಿಚ್ಚಿದರು. ಒಂದು ಬಿಲ್ಲೆಯ ಅಂಟು ಕಪ್ಪಾಗಿ ಅಂಚು ಮೇಲೆದ್ದಿತ್ತು. ಭಾಯ್ ಉಗುರಿನಿಂದ ತಳ್ಳಿದರು. ಅದು ಅಲುಗಾಡಿತು.

ಅವರು ಗೋಡೆಗೆ ಒರಗಿ ಕುಳಿತುಬಿಟ್ಟರು. ನೀರು ಕೊಟ್ಟರೆ ಕುಡಿಯದೆ ಲೋಟ ಪಕ್ಕಕ್ಕಿಟ್ಟು ಆ ಬಿಲ್ಲೆಯನ್ನೇ ನೋಡಿದರು.

"ಇನ್ಮೇಲೆ ಒಳಗೆ ನಿಲ್ಲಲ್ಲ ಮೇಡಂ. ನೀವ್ ಹೇಳಿದ್ರೂ ನಿಲ್ಲಲ್ಲ."

ಅಬ್ಬಾ, ಅವರಿಗೂ ಹೆದರಿಕೆ ಹುಟ್ಟಿತಲ್ಲ ಎಂದು ನನಗೆ ಹೋದ ಜೀವ ಬಂತು.