ಮೇಲಿನ ಮನೆಯ ಫ್ರಿಜ್ಜು

ನನ್ನ ಓರಗಿತ್ತಿಯ ಮನೆಗೆ ಎರಡು ಬಾಗಿಲಿನ ಫ್ರಿಜ್ ಬಂದ ದಿನ ನಾನು ಕೆಳಗೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಹೊರಮಾವಿನಲ್ಲಿ ನಮ್ಮದು ಮಹಡಿ ಮನೆ. ಕೆಳಗೆ ನಾನು, ನನ್ನ ಗಂಡ, ಮಕ್ಕಳು, ಅತ್ತೆ; ಮನೆ ಪಕ್ಕದ ಕೊಟ್ಟಿಗೆಯಲ್ಲಿ ಒಂದು ಹಸು. ಮೇಲೆ ಮೈದುನ ಮತ್ತು ಅವನ ಹೆಂಡತಿ. ಆಳುಗಳು ಫ್ರಿಜ್ಜಿಗೆ ಹಗ್ಗ ಬಿಗಿದು ಹೊರಗಿನ ಮೆಟ್ಟಿಲಲ್ಲಿ ಏರಿಸುವಾಗ ಬೀದಿಯವರೆಲ್ಲ ನಿಂತು ನೋಡಿದರು. ಇಂದಿರಾನಗರದ ದೊಡ್ಡ ಅಂಗಡಿಯಿಂದ ತಂದದ್ದಂತೆ, ಐಸ್ ಕಟ್ಟುವುದೇ ಇಲ್ಲವಂತೆ. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಿಡಿಗೆ ಕನಕಾಂಬರ ಸುತ್ತಿ, ಆರತಿ ಎತ್ತಿದರು.

ನನ್ನ ಫ್ರಿಜ್ಜಿಗೆ ಯಾರೂ ಆರತಿ ಎತ್ತಿರಲಿಲ್ಲ. ಅಪ್ಪನಿಗೆ ಶಿವಾಜಿನಗರದ ಒಂದು ಗಲ್ಲಿಯಲ್ಲಿ ಫ್ರಿಜ್ ರಿಪೇರಿ ಅಂಗಡಿ ಇತ್ತು. ಯಾರೋ ಬಿಟ್ಟುಹೋದ ಹಳೆಯದೊಂದಕ್ಕೆ ಕಂಪ್ರೆಸರ್ ಬದಲಾಯಿಸಿ, ತಿಳಿಹಸಿರು ಬಣ್ಣ ಹೊಡೆಸಿ, ನನ್ನ ಮದುವೆಯಾದ ವರ್ಷ ಟೆಂಪೋದಲ್ಲಿ ತಂದು ಇಳಿಸಿದ್ದರು. ಆಗ ಈ ಮನೆಯಲ್ಲಿ ಅದೇ ಮೊದಲ ಫ್ರಿಜ್ಜು. ಅತ್ತೆ ಬೆಣ್ಣೆ ಡಬ್ಬಿ ಇಡಲಿಕ್ಕೆ ಬಂದವರು ಅಲ್ಲೇ ಗೋಡೆಗೆ ಒರಗಿ ಕೂತು ಅವರೆಕಾಯಿ ಸುಲಿಯುತ್ತ, ತಮ್ಮ ತವರಿನ ಕಥೆ, ಕೆರೆ ಕೋಡಿ ಬಿದ್ದ ವರ್ಷದ ಕಥೆ, ಸತ್ತುಹೋದ ಮಾವನ ಕೋಪದ ಕಥೆ ಹೇಳುತ್ತಿದ್ದರು. ಹೇಳಿದ್ದನ್ನೇ ಹೇಳುತ್ತಾರೆ ಎಂದು ನಾನು ಎಷ್ಟೋ ಸಲ ಬೇಸರ ಪಟ್ಟುಕೊಂಡಿದ್ದುಂಟು.

ಆರತಿ ಎತ್ತಿದ ಮರುದಿನ ಅವರು ಬೆಣ್ಣೆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದರು. ಅದರ ಮರುದಿನ ದೋಸೆ ಹಿಟ್ಟು ಹೋಯಿತು. ಆಮೇಲೆ ಅವರೇ ಹೋದರು. ಊಟಕ್ಕೆ ಮಾತ್ರ ಕೆಳಗೆ, ಮಿಕ್ಕ ಹೊತ್ತೆಲ್ಲ ಮೇಲೆ. ಮಂಡಿನೋವು ಎಂದು ದೇವಸ್ಥಾನದ ಮೂರು ಮೆಟ್ಟಿಲನ್ನೂ ಹತ್ತದವರು!

"ಅದ್ರ ಬಾಗ್ಲು ತೆಗೆದ್ರೆ ಹೆಂಗೆ ದೀಪ ಅಂಟ್ಕೊಳ್ತದೆ ನೋಡಿದ್ಯಾ? ತಣ್ಣಗೆ ಐತೆ, ಆದ್ರೆ ಐಸೇ ಇಲ್ಲ ಕಣೇ," ಎಂದು ನನಗೇ ಹೇಳಿದರು.

"ನಮ್ಮದರಲ್ಲೂ ದೀಪ ಇದೆ ಅತ್ತೆ," ಎಂದೆ.

"ಇದೆ, ಇದೆ," ಎಂದರು, ಮಗು ಹಟ ಮಾಡಿದರೆ ಸಮಾಧಾನ ಹೇಳುವಂತೆ.

ಹಲಸೂರಿನ ಹುಡುಗಿ ನನ್ನ ಓರಗಿತ್ತಿ. ಅಮ್ಮನ ಜೊತೆ ಫೋನಿನಲ್ಲಿ ತಮಿಳು, ಗಂಡನ ಜೊತೆ ಇಂಗ್ಲಿಷು, ನನ್ನ ಜೊತೆ ಮೆದುವಾದ ಕನ್ನಡ. ಅವಳಲ್ಲಿ ತಪ್ಪು ಹುಡುಕಲು ಬಹಳ ಶ್ರಮ ಪಟ್ಟೆ, ಏನೂ ಸಿಗಲಿಲ್ಲ. ಅದರಿಂದ ಹೊಟ್ಟೆ ಇನ್ನಷ್ಟು ಉರಿಯಿತು. ಮಧ್ಯಾಹ್ನ ಮೇಲಿನಿಂದ ಅತ್ತೆಯ ನಗು ಕೇಳುತ್ತಿತ್ತು. ಯಾವ ಕಥೆ ಹೇಳುತ್ತಿದ್ದಾರೆಂದು ನಗುವಿನಲ್ಲೇ ಗೊತ್ತಾಗುತ್ತಿತ್ತು ನನಗೆ. ನಾನು ಕೆಳಗೆ ಪಾತ್ರೆಗಳನ್ನು ಬೇಕಾದದ್ದಕ್ಕಿಂತ ಜೋರಾಗಿ ಇಡುತ್ತಿದ್ದೆ.

ಆ ಚಳಿಗಾಲ ನಾನು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿ ವಾಪಸು ಬಂದ ಬೆಳಿಗ್ಗೆ ಅವಳು ಹಿತ್ತಲ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಹಿಂಡಿದ ಒರಸುಬಟ್ಟೆ, ಸೀರೆಯ ಅಂಚೆಲ್ಲ ಒದ್ದೆ.

"ಅಕ್ಕಾ, ಅತ್ತೆ ಎಲ್ಲಿ?"

"ಹಸು ಹತ್ರ ಇದ್ದಾರೆ. ಯಾಕೆ?"

"ಫ್ರಿಜ್ಜಿಂದ ನೀರು ಬರ್ತಿದೆ ಅಕ್ಕಾ. ದಿನಾ. ತರಕಾರಿ ಬಾಕ್ಸ್ ಕೆಳಗೆ ನಿಂತ್ಕೊಂಡು ನೆಲಕ್ಕೆ ಹರೀತಿದೆ. ಅತ್ತೆ ಏಳೋಕ್ ಮುಂಚೆ ಒರೆಸಿಬಿಡ್ತಿದೀನಿ. ಕಂಪನಿಯವರು ಮುಂದಿನ ವಾರ ಬರ್ತಾರಂತೆ. ಅಷ್ಟರಲ್ಲಿ ಅತ್ತೆ ಜಾರಿ ಬಿದ್ರೆ? ನಿಮಗೆ ಗೊತ್ತಲ್ವಾ ಇದೆಲ್ಲ, ಪ್ಲೀಸ್ ಒಂದ್ಸಲ ನೋಡಿ. ಯಾರಿಗೂ ಹೇಳ್ಬೇಡಿ."

ನನಗೆ ಎಷ್ಟು ಖುಷಿಯಾಯಿತೆಂದರೆ, ಅದು ಮುಖದಲ್ಲಿ ಕಾಣದಿರಲೆಂದು ಒಲೆಯ ಕಡೆ ತಿರುಗಿ ನಿಂತೆ. ಆರತಿ ಎತ್ತಿಸಿಕೊಂಡ ಫ್ರಿಜ್ಜು ಸೋರುತ್ತಿದೆ! ಹಾಲು ಇಳಿಸಿ, ಸ್ಕ್ರೂಡ್ರೈವರ್ ಹುಡುಕಿಕೊಂಡು ಮೇಲೆ ಹೋದೆ.

ಪ್ಲಗ್ ಕಿತ್ತು, ಒಳಗಿದ್ದದ್ದನ್ನೆಲ್ಲ ತೆಗೆದು ಮೇಜಿನ ಮೇಲೆ ಇಟ್ಟೆವು. ಅತ್ತೆಯ ಬೆಣ್ಣೆ, ಅತ್ತೆಯ ಹಿಟ್ಟು, ಅತ್ತೆಯ ಹುಚ್ಚೆಳ್ಳು ಚಟ್ನಿಪುಡಿ. ಎಲ್ಲಕ್ಕಿಂತ ಹಿಂದೆ ತಟ್ಟೆ ಮುಚ್ಚಿದ್ದ ಒಂದು ಬಟ್ಟಲು. ತಟ್ಟೆ ಸರಿಸಿದೆ. ಗಿಣ್ಣು. ಏಲಕ್ಕಿ, ಬೆಲ್ಲ ಹಾಕಿ, ಕೈ ಸೋಕಿದರೆ ಅಲುಗುವ ಹದಕ್ಕೆ ಬೇಯಿಸಿದ ಗಿಣ್ಣು. ಹಸು ಕರು ಹಾಕಿದಾಗ ನಾನು ತವರಲ್ಲಿದ್ದೆ. ಆ ಹಸುವಿಗೆ ನಾನು ಹುಲ್ಲು ಹಾಕುತ್ತೇನೆ, ಬಸುರಿ ಮಗಳ ಹಾಗೆ ನೋಡಿಕೊಂಡಿದ್ದೇನೆ. ಅತ್ತೆ ಇದನ್ನು ನನ್ನ ಒಲೆಯ ಮೇಲೆ ಅಲ್ಲ, ಇಲ್ಲಿ ಮಾಡಿದ್ದರು.

"ನಿಮಗೆ ಕೊಡ್ಲಿಲ್ವಾ ಅಕ್ಕಾ?" ಎಂದಳು.

"ನಮ್ಮನೇಲಿ ಯಾರೂ ಅಷ್ಟು ಇಷ್ಟಪಡಲ್ಲ ಬಿಡು," ಎಂದೆ. ಗಿಣ್ಣೆಂದರೆ ನಾನು ಪ್ರಾಣ ಬಿಡುತ್ತೇನೆ.

ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ನಾನು ಫ್ರೀಜರಿನೊಳಗೆ ತಲೆ ಹಾಕಿದೆ. ಹಿಂಬದಿಯ ಫಲಕ ಬಿಚ್ಚಿದರೆ ಅಲ್ಲಿತ್ತು ಕಾಯಿಲೆ. ಐಸ್ ಕಟ್ಟದ ಫ್ರಿಜ್ಜಲ್ಲೂ ಐಸ್ ಕಟ್ಟುತ್ತದೆ, ಕಣ್ಣಿಗೆ ಕಾಣದ ಕಡೆ. ಅದು ಆಗಾಗ ಕರಗಿ, ತಳದ ಒಂದು ತೂತಿನಿಂದ ಪೈಪಿಗೆ ಇಳಿದು, ಫ್ರಿಜ್ಜಿನ ಬೆನ್ನಿನ ಕೆಳಗಿರುವ ತಟ್ಟೆಗೆ ಬಿದ್ದು ಆರಿಹೋಗಬೇಕು. ಇಲ್ಲಿ ತೂತಿನ ಮೇಲೇ ಐಸು ಇಟ್ಟಿಗೆಯಂತೆ ಕೂತಿತ್ತು. ಇಳಿಯಲು ದಾರಿಯಿಲ್ಲದ ನೀರು ಒಳಗೋಡೆಯಲ್ಲಿ ಸೋರಿ ತರಕಾರಿ ಡಬ್ಬದ ಕೆಳಗೆ ಸೇರುತ್ತಿತ್ತು. ಬಿಸಿನೀರು ಸ್ವಲ್ಪಸ್ವಲ್ಪವೇ ಹುಯ್ದು ಕರಗಿಸಿದೆ. ತೂತು ಕಂಡಿತು. ನೀರು ಗೊಳಗೊಳ ಎನ್ನುತ್ತ ಇಳಿಯಿತು.

"ಅಯ್ಯೋ, ಆಗೇಹೋಯ್ತಾ!" ಎಂದು ಅವಳು ನನ್ನ ಒದ್ದೆ ಕೈ ಹಿಡಿದುಕೊಂಡಳು. ಹೊರಡುವಾಗ ಗಿಣ್ಣಿನಲ್ಲಿ ಅರ್ಧವನ್ನು ಲೋಟಕ್ಕೆ ಹಾಕಿ ಬೇಡಬೇಡವೆಂದರೂ ಕೊಟ್ಟಳು. ಕೆಳಗೆ ತಂದರೆ ಮಕ್ಕಳಿಗೆ ಕೊಡಬೇಕಾದೀತೆಂದು ಮೆಟ್ಟಿಲ ತಿರುವಿನಲ್ಲಿ ನಿಂತು ಬೆರಳಲ್ಲೇ ತಿಂದೆ. ಬಹಳ ಚೆನ್ನಾಗಿತ್ತು. ಚೆನ್ನಾಗಿಲ್ಲದಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

ವಾರ ಕಳೆಯುವುದರೊಳಗೆ ನೀರು ಮತ್ತೆ ಬಂತು. ಈ ಸಲ ಮುಚ್ಚಿಡಲಾಗಲಿಲ್ಲ. ಅತ್ತೆ ಒದ್ದೆಯಲ್ಲಿ ಕಾಲಿಟ್ಟು, ಬೀಳುವಷ್ಟರಲ್ಲಿ ಮೇಜು ಹಿಡಿದುಕೊಂಡಿದ್ದರು. ಬೆಣ್ಣೆ ಡಬ್ಬಿ, ಹಿಟ್ಟಿನ ಪಾತ್ರೆ ಎರಡನ್ನೂ ಹೊತ್ತು ಕೆಳಗಿಳಿದು ಬಂದು ನನ್ನ ಹಸಿರು ಫ್ರಿಜ್ಜಿನ ಬಾಗಿಲು ತೆಗೆದರು.

"ಹೊಸದಂತೆ ಹೊಸದು! ಮನೆ ತುಂಬ ಕೆರೆ ಮಾಡಿ ಇಟ್ಟೈತೆ. ಇದೇ ವಾಸಿ ಕಣೇ, ನಂಬಿಕಸ್ತ," ಎಂದು ಗೋಡೆಗೆ ಒರಗಿ ಕೂತು, ಅವರೆಕಾಯಿ ಕೇಳಿದರು. ಕೆರೆ ಕೋಡಿ ಬಿದ್ದ ವರ್ಷದ ಕಥೆ ಶುರುವಾಯಿತು. ನಾನು ಒಂದು ಮಾತನ್ನೂ ಬಿಡದೆ ಕೇಳಿದೆ.

ಆದರೆ ಒಂದು ವಿಷಯ ಕೊರೆಯುತ್ತಿತ್ತು. ಅಪ್ಪನ ಅಂಗಡಿಯಲ್ಲಿ ಬೆಳೆದವಳು ನಾನು. ನಾನು ಸರಿಮಾಡಿದ್ದು ವಾರಕ್ಕೇ ಕೆಟ್ಟಿತಲ್ಲ! ಅಪ್ಪನಿಗೆ ಫೋನು ಮಾಡಿದೆ.

"ಮೇಲೆ ಕರಗಿಸಿದ್ಯಾ, ಸರಿ. ನೀರು ಕೊನೇಲಿ ಹೊರಗೆ ಬೀಳೋ ಜಾಗ ನೋಡಿದ್ಯಾ?" ಎಂದರು ಅಪ್ಪ.

ನೋಡಿರಲಿಲ್ಲ. ಸಂಜೆಯೇ ಮೇಲೆ ಹೋದೆ. ಓರಗಿತ್ತಿಯ ಕಣ್ಣು ಕೆಂಪಾಗಿತ್ತು. ಇಬ್ಬರೂ ಸೇರಿ ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆದೆವು. ಹಿಂದೆ ಕೆಳಗಡೆ, ಪೈಪಿನ ತುದಿಗೆ ಕೊಕ್ಕಿನಂಥ ಒಂದು ರಬ್ಬರಿನ ಬಾಯಿ. ನೀರು ಬಂದಾಗ ಮಾತ್ರ ತೆರೆಯಬೇಕಾದ ಅದು ಧೂಳು, ಲೋಳೆ ಸೇರಿ ಅಂಟಿಕೊಂಡುಬಿಟ್ಟಿತ್ತು. ಕೆಳಗೆ ಬಾಯಿ ಕಟ್ಟಿದರೆ ನೀರು ಪೈಪಿನಲ್ಲೇ ನಿಂತು, ಮೇಲಿನ ತುದಿಯಿಂದ ಮತ್ತೆ ಹೆಪ್ಪುಗಟ್ಟುತ್ತದೆ. ರಬ್ಬರನ್ನು ಕಿತ್ತು ಸೋಪಿನ ನೀರಲ್ಲಿ ತಿಕ್ಕಿದೆ. ಮೇಲಿನ ಐಸು ಕರಗಿಸಿ ಬಿಸಿನೀರು ಬಿಟ್ಟಾಗ ಪೈಪಿನಿಂದ ಕಪ್ಪನೆಯ ಲೋಳೆಯೊಂದು ಜಾರಿ ತಟ್ಟೆಗೆ ಬಿತ್ತು, ಹಿಂದೆಯೇ ತಿಳಿನೀರು. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಯಾವುದು ಎಲ್ಲಿಗೆ ಎಂದು ಕೇಳಿ ಕೇಳಿ ತಿಳಿದುಕೊಂಡಳು.

ಆಮೇಲೆ ಎಷ್ಟು ದಿನ ನೋಡಿದರೂ ನೆಲ ಒಣಗಿಯೇ ಇತ್ತು. ಅತ್ತೆ ಮಾತ್ರ ಮೇಲೆ ಹೋಗಲಿಲ್ಲ. ಒಂದು ಮಧ್ಯಾಹ್ನ ಓರಗಿತ್ತಿ ಬಾಗಿಲಲ್ಲಿ ನಿಂತು, "ಅತ್ತೆ, ಈಗ ಸರಿಹೋಗಿದೆ. ಬನ್ನಿ," ಎಂದಳು.

"ಕಂಪನಿಯೋರು ಬಂದು ನೋಡಿದ್ರಾ?"

"ಇಲ್ಲ, ನಾನೇ ಬೇಡ ಅಂದೆ. ಅಕ್ಕಾನೇ ಸರಿ ಮಾಡಿದ್ದು."

ಅತ್ತೆ ನನ್ನ ಕಡೆ ತಿರುಗಿದರು. "ನೀನಾ? ಗ್ಯಾರಂಟಿನಾ?"

"ಹೂಂ ಅತ್ತೆ. ಇನ್ನು ಸೋರಲ್ಲ," ಎಂದೆ. ನನ್ನ ಕೈಕೆಲಸ, ಸೋರುತ್ತದೆಂದು ಹೇಗೆ ಹೇಳಲಿ?

"ಇವಳು ಹೇಳಿದ್ಮೇಲೆ ಮುಗೀತು," ಎಂದು ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. ಬೆಣ್ಣೆ ಡಬ್ಬಿ ಮತ್ತೆ ಸೆರಗಿನೊಳಗೆ ಸೇರಿತು.

ಅತ್ತೆ ಬಂದವರಿಗೆಲ್ಲ ಈ ಸುದ್ದಿ ಹೇಳಿದರು. ಬೀದಿಯಲ್ಲಿ ಯಾರ ಫ್ರಿಜ್ಜು ಸೋರಿದರೂ ನನ್ನನ್ನು ಕರೆಯತೊಡಗಿದರು. ಹೋಗುತ್ತಿದ್ದೆ, ಕಾಫಿ ಕುಡಿದು ಬರುತ್ತಿದ್ದೆ. ಪೈಪು ನೋಡುವ ನೆಪದಲ್ಲಿ ಆಗಾಗ ಮೇಲಿನ ಮನೆಗೂ ಹೋಗಿ ಅತ್ತೆಯ ಪಕ್ಕದಲ್ಲಿ ಕೂರುತ್ತಿದ್ದೆ. ಮೂವರೂ ಸೇರಿ ಕಾಯಿ ಸುಲಿದ ಮಧ್ಯಾಹ್ನಗಳು ಚೆನ್ನಾಗಿಯೇ ಇದ್ದವು.

ಮರುವರ್ಷದ ಚಳಿಗಾಲದಲ್ಲೊಂದು ದಿನ ಹಾಗೇ ಹೋದಾಗ ಫ್ರಿಜ್ಜು ಗೋಡೆಯಿಂದ ಈಚೆಗೆ ಬಂದಿತ್ತು. ಓರಗಿತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಬ್ಬರಿನ ಬಾಯಿ ಕಿತ್ತು ಸೋಪಿನ ನೀರಲ್ಲಿ ತೊಳೆಯುತ್ತಿದ್ದಳು. ಒಬ್ಬಳೇ, ಯಾರನ್ನೂ ಕೇಳದೆ, ನಾನು ಮಾಡಿದ್ದಕ್ಕಿಂತ ಚೊಕ್ಕವಾಗಿ. ಅತ್ತೆ ಬಗ್ಗಿ ನೋಡುತ್ತ, "ನೋಡೇ, ಎಷ್ಟು ಜಾಣೆ ಇವ್ಳು!" ಎಂದರು ನನಗೆ.

"ಹೂಂ ಅತ್ತೆ," ಎಂದೆ. ಅವರೆಕಾಯಿಯ ಮೊರವನ್ನು ನನ್ನ ಕಡೆ ಎಳೆದುಕೊಂಡು ಕೂತೆ.